ಕರಡು

ಇಪ್ಪತ್ತಮೂರು ಪುಟ. ಪುಟಕ್ಕೆ ತೊಂಬತ್ತು ರೂಪಾಯಿ.
ಆಕ್ಷೇಪಕ್ಕೆ ಕೊಟ್ಟ ಅರುವತ್ತು ದಿನಗಳಲ್ಲಿ
ಪೆರ್ಲದ ನನ್ನ ಮೇಜಿಗೆ ಬರುವಾಗ ಉಳಿದದ್ದು ಹನ್ನೊಂದು.
‘ಕನ್ನಡದವರಿಗೆ ಕನ್ನಡದಲ್ಲೇ ಕೊಡಬೇಕಂತೆ, ಕಾನೂನು ಉಂಟು,
ಬೇಗ ಮಾಡಿ ಟೀಚರೇ’ ಎಂದು
ಪಂಚಾಯತ್ತಿನ ಹುಡುಗ ಚಾ ಕುಡಿಯದೆ ಹೋದ.

ಮೊದಲ ಸಾಲಿಗೇ ಎಡವಿದೆ.
ಬೊಳ್ಳಾರಪದವು, ಸರ್ವೆ ನಂಬ್ರ ಇನ್ನೂರ ಹನ್ನೆರಡು: ತರಿಶ್.
ಮಲಯಾಳದ ತರಿಶ್ ಎಂದರೆ ಪಾಳು, ಏನೂ ಬೆಳೆಯದ್ದು.
ಕನ್ನಡದ ತರಿ ಎಂದರೆ ನೀರು ನಿಂತ ಗದ್ದೆ.
ಒಂದು ಶಕಾರದ ಅಂತರದಲ್ಲಿ
ಒಂದು ಗುಡ್ಡದ ನೀರು ಇಂಗಿಹೋಗಿತ್ತು.

ಹೋಗಿ ನೋಡಿದೆ. ಏಪ್ರಿಲ್ ಕೊನೆ, ಮಧ್ಯಾಹ್ನ ಮೂರು ಗಂಟೆ.
ಪಾರೆ ಕಾವಲಿಯ ಹಾಗೆ ಕಾದಿತ್ತು.
ಟಿಟ್ಟಿಭವೊಂದು ಮೊಟ್ಟೆಯ ಮೇಲೆ ಕೂತಿರಲಿಲ್ಲ, ನಿಂತಿತ್ತು,
ಕಾವು ಸಾಕಾಗಿ ನೆರಳು ಕೊಡುತ್ತಿತ್ತು.
ಆಯಿಸುಮ್ಮನ ಎರಡು ಆಡು ಕರಡದ ಬುಡ ಹುಡುಕುತ್ತಿದ್ದವು.
ಕರಡ ನಮ್ಮಲ್ಲಿ ಹುಲ್ಲು,
ಸರಕಾರದಲ್ಲಿ ಕರಡು ಅಂದರೆ ಇನ್ನೂ ಸಹಿ ಬೀಳದ ಕಾಗದ.
ಎರಡಕ್ಕೂ ಬೆಂಕಿ ಬೇಗ ಹಿಡಿಯುತ್ತದೆ.

ಕಾರಿಂಜ ಮಣಿಯಾಣಿಯವರು ಸುರಂಗ ಕೊರೆದವರು,
ಬೆರಳುಗಳು ಇನ್ನೂ ಪಿಕ್ಕಾಸಿನ ಹಿಡಿಗೇ ಬಗ್ಗಿವೆ.
ಚಪ್ಪಲಿ ಕಳಚಿಟ್ಟು ಪಾರೆಯ ಮೇಲೆ ನಿಂತು ಹೇಳಿದರು:
‘ಆಟಿಯಲ್ಲಿ ಇಲ್ಲಿ ಮೊಣಕಾಲು ಮಟ್ಟ ಪಳ್ಳ.
ಉಗುರಿನಷ್ಟು ನೀಲಿ ಹೂ, ಮಂಡೆ ಮಾತ್ರ ನೀರ ಮೇಲೆ.
ನಿಂತ ನೀರು ಕಲ್ಲಿನೊಳಗೆ ನಡೆದು ನಡೆದು
ಕೆಳಗೆ ನನ್ನ ನಲವತ್ತೆರಡು ಕೋಲಿನ ತುದಿಗೆ
ಸುಗ್ಗಿ ತಿಂಗಳಲ್ಲಿ ತಲಪುತ್ತದೆ. ಅದಕ್ಕೆ ಅವಸರವಿಲ್ಲ.
ಈಗೀಗ ಮಳೆಗೇ ಅವಸರ,
ಒಂದು ತಿಂಗಳದ್ದನ್ನು ಮೂರು ದಿನದಲ್ಲಿ ಸುರಿದು ಓಡುತ್ತದೆ.
ಪಳ್ಳ ಇಲ್ಲದಿದ್ದರೆ
ಅದನ್ನು ಕೂರಿಸಿ ಮಾತಾಡಿಸುವವರು ಯಾರು?’

ಮನೆಗೆ ಬಂದು ಹದಿನಾಲ್ಕನೆಯ ಪುಟ.
ಹವಾಮಾನ ವೈಪರೀತ್ಯ ತಡೆಯಲು ಇನ್ನೂರ ಹನ್ನೆರಡರಲ್ಲಿ ಸೌರಫಲಕ:
ಅನುಮತಿಸಬಹುದಾದ ಚಟುವಟಿಕೆ, ಯಾಕೆಂದರೆ ಪಾಳು.
ಕೆಳಗಿನ ಇಳಿಜಾರು ಸಂರಕ್ಷಿತ. ಅಲ್ಲಿ
ಅಗೆಯಬಾರದು, ಕೊರೆಯಬಾರದು, ಕೊಯ್ಯಬಾರದು, ಆಡು ನುಗ್ಗಬಾರದು.
ಸುರಂಗದ ಹೂಳು ತೆಗೆಯುವುದು ಅಗೆಯುವುದೋ?
ಬುಟ್ಟಿ ಹೆಣೆಯುವ ಮತ್ತಡಿ ತರುವ ಬೂರು
ಬಳ್ಳಿಯೋ, ಕಾಡೋ?
ಅನುಬಂಧ ನೋಡಿ ಎಂದಿತ್ತು.
ಅನುಬಂಧ ಲಗತ್ತಿಸಿರಲಿಲ್ಲ.

ನಿಜ ಹೇಳುತ್ತೇನೆ, ಆ ರಾತ್ರಿ
ಪಾಳು ಇರಬೇಕಾದಲ್ಲಿ ತರಿ ಎಂದೇ ಟೈಪು ಮಾಡಿದೆ.
ಓದಿದೆ. ಚಂದ ಇತ್ತು.
ಮತ್ತೆ ಅಳಿಸಿದೆ. ಸುಳ್ಳು ಅನುವಾದದ ಮೇಲೆ
ನಿಜದ ತಕರಾರು ನಿಲ್ಲುವುದಿಲ್ಲ.
ಅವರು ಬರೆದದ್ದು ಪಾಳು, ಊರು ಅದನ್ನು ಪಾಳೆಂದೇ ಓದಬೇಕು,
ಸಿಟ್ಟು ಬರಬೇಕು.

ಬಂತು. ಮತ್ತಡಿ ಅಂಗಡಿಯ ಮೆಟ್ಟಿಲಲ್ಲಿ ನಿಂತು ಹೇಳಿದರು,
‘ಕಾಡು ಉಳಿಯಲಿ, ನನ್ನ ಕತ್ತಿಯೂ ಉಳಿಯಲಿ.
ಬೂರು ಬುಡಕ್ಕೇ ಕೊಯ್ಯುವವ ನಾನಲ್ಲ ಅಂತ ಬರೆಯಿರಿ.’
ಹೆಬ್ಬೆಟ್ಟಿನ ಮಸಿಡಬ್ಬಿ ಮುಂದಿಟ್ಟರೆ
ಆಯಿಸುಮ್ಮ ಅದನ್ನು ಬದಿಗೆ ಸರಿಸಿ
ಸಹಿ ಹಾಕಿದರು, ಎರಡು ಗೆರೆ ದಾಟುವಷ್ಟು ದೊಡ್ಡದಾಗಿ.
ಇನ್ನು ಇವರ ಮಾತೆಲ್ಲ ತಿರುಗಿ ಮಲಯಾಳಕ್ಕೆ.
ಪಳ್ಳವನ್ನು ಪಳ್ಳವೆಂದೇ ಬಿಟ್ಟೆ.

ವಿಚಾರಣೆಗೆ ತೆಂಕಣದಿಂದ ಬಂದ ಅಧಿಕಾರಿ
‘ಪಳ್ಳಂ ಅಂದರೆ ಹೊಂಡ ಅಲ್ಲವೇ? ತುಂಬಿಸಿದರಾಯಿತು’ ಎಂದರು.
ಕೆಟ್ಟವರಲ್ಲ. ಬೆವರುತ್ತಿದ್ದರು.
ಕಾರಿಂಜಣ್ಣ ಉತ್ತರ ಕೊಡಲಿಲ್ಲ.
ಸುರಂಗದಿಂದ ತುಂಬಿ ತಂದ ಬಾಟಲಿಯನ್ನು
ನಕ್ಷೆಯ ಮೇಲೆ, ಫ್ಯಾನಿನ ಗಾಳಿಗೆ ಹಾರುವ ಮೂಲೆಗೆ ಇಟ್ಟರು.
ತಿಂಗಳು ಮೇ. ಹೊರಗೆ ಟ್ಯಾಂಕರಿಗೆ ಕಾದ ಕೊಡಗಳ ಸಾಲು.

ಸಭೆ ಮುಗಿಯುವಾಗ ಬಾಟಲಿ ಅರ್ಧವಾಗಿತ್ತು.
ಕುಡಿದವರು ಯಾರೆಂದು ನಡಾವಳಿಯಲ್ಲಿ ಇಲ್ಲ.
ನಿರ್ಣಯ ಮುಂದೂಡಲಾಗಿದೆ ಎಂದು ಮಾತ್ರ ಇದೆ.
ಅದನ್ನೂ ನಾನೇ ಕನ್ನಡ ಮಾಡಬೇಕು.
ಒಂದೇ ಪುಟ. ತೊಂಬತ್ತು ರೂಪಾಯಿ.